ಬಾವಿಯ ಸೋಮವಾರ

ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಅದನ್ನು ಹೇಳಿಬಿಡುತ್ತೇನೆ. ಅದು ಹೊರಗೆ ಬೀಳದೆ ಬೇರೆ ಮಾತು ನನ್ನ ಕೈಯಿಂದ ಬರುವುದಿಲ್ಲ. ಬಹಳ ವರ್ಷ ತಡೆದು ನನಗೆ ಹುಟ್ಟಿದ ಒಬ್ಬಳೇ ಮಗಳು, ಅವಳಿಗೆ ಮೊದಲನೇ ಕೂಸು. ಜಮಖಂಡಿಯ ದವಾಖಾನೆಯಲ್ಲಿ ಹುಟ್ಟಿತು. ಮೂಗು ನನ್ನದು. ಬೀಗರು ತಮ್ಮ ಮನೆತನದ್ದು ಅನ್ನುತ್ತಾರೆ, ಅನ್ನಲಿ ಬಿಡಿ, ಕನ್ನಡಿ ನಮ್ಮ ಮನೆಯಲ್ಲೂ ಇದೆ. ಅಳುವಾಗ ಎಡಗಾಲನ್ನಷ್ಟೇ ಝಾಡಿಸುತ್ತದೆ, ಬಲಗಾಲು ದೊಡ್ಡವರ ಹಾಗೆ ಸುಮ್ಮನಿರುತ್ತದೆ. ಅದನ್ನೇ ನೋಡುತ್ತ ಕುಳಿತು ಒಲೆಯ ಮೇಲಿನ ಹಾಲು ಉಕ್ಕಿಸಿಬಿಡುತ್ತೇನೆ. ಓಣಿಯಲ್ಲಿ ಹಾದುಹೋಗುವವರನ್ನೆಲ್ಲ ನಿಲ್ಲಿಸಿ ಸಕ್ಕರೆ ಕೊಟ್ಟೆ. ಬಸ್ಸಿನ ಕಂಡಕ್ಟರನಿಗೂ ಕೊಟ್ಟೆ.

"ಆಯಿ, ಮುಂಜಾನಿ ಕೊಟ್ಟೀದಿ" ಅಂದ ಅವನು.

"ಇನ್ನೊಮ್ಮಿ ತಿನ್ನೋ. ನಿನ್ನ ಬಾಯೇನು ಸವದು ಹೊಕ್ಕೈತಿ?" ಅಂದೆ.

ಅದೇ ವಾರ ರಬಕವಿಯಿಂದ ಸೀರೆಯ ಗಂಟು ಹೊತ್ತು ಬರುವ ಅಜ್ಜ ಬಂದ. ತೊಟ್ಟಿಲ ಕಾರ್ಯಕ್ಕೆ ಸೀರೆ ಬೇಕೆಂದು ನಾನೇ ಹೇಳಿಕಳಿಸಿದ್ದೆ. ಗಂಟು ಇಳಿಸುವ ಮೊದಲೇ ಅವನ ಬಾಯಿಗೂ ಸಕ್ಕರೆ ಹಾಕಿದೆ. ಅವನು ಅದನ್ನು ನುಂಗಿ, "ನಿಮ್ಮ ಬಾವಿ ಸಾಹೇಬ್ರು ಹ್ವಾದ್ರಲ್ಲವ್ವಾ" ಅಂದ.

"ಎಲ್ಲಿಗಿ?" ಅಂದೆ ನಾನು.

ಸಂತೋಷ ಮನುಷ್ಯರನ್ನು ಎಷ್ಟು ದಡ್ಡರನ್ನಾಗಿ ಮಾಡುತ್ತದೆ ನೋಡಿ. ಅಜ್ಜ ನನ್ನ ಮುಖವನ್ನೇ ನೋಡಿದ. ಆಗ ತಿಳಿಯಿತು. ಸಕ್ಕರೆಯ ಡಬ್ಬಿ ಕೈಯಲ್ಲೇ ಇತ್ತು. ಒಳಗೆ ಕೂಸು ಅಳುತ್ತಿತ್ತು. ಯಾವುದಕ್ಕೆ ಏಳಬೇಕು, ಯಾವುದಕ್ಕೆ ಕೂರಬೇಕು ಗೊತ್ತಾಗಲಿಲ್ಲ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಅವರ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಅವರು ಬಾವಿ ಸಾಹೇಬರು. ಬಾವಿಗಳನ್ನು ಅಳೆದು, ಯಾವ ಬಾವಿ ಎಲ್ಲಿದೆ, ಅದರಲ್ಲಿ ನೀರು ಎಷ್ಟಿದೆ ಎಂದು ನಕ್ಷೆ ಮಾಡುವ ಸರಕಾರಿ ನೌಕರಿ ಅವರದು. ಮಳೆಗಾಲದ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಬರುತ್ತಿದ್ದರು. ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ಊರುಗಳೆಲ್ಲ ಅವರ ಪಾಲಿಗಿದ್ದವು.

ನಮ್ಮ ಊರು ಮಡ್ಡಿಯ ಮೇಲಿದೆ. ಕೃಷ್ಣೆ ಗಲಗಲಿಯ ಕಡೆ ತನ್ನಷ್ಟಕ್ಕೆ ಹರಿದುಹೋಗುತ್ತಾಳೆ, ನಮ್ಮ ಏರು ಹತ್ತುವುದಿಲ್ಲ. ಆದ್ದರಿಂದ ನಮಗೆ ಬಾವಿಯೇ ಗತಿ. ಊರ ನಡುವೆ ಹುಣಸೆ ಮರದ ಬುಡದಲ್ಲಿ ಕಲ್ಲು ಕಡಿದು ತೆಗೆದ ಸೇದುವ ಬಾವಿ. ಅದಕ್ಕೆ ಸೀನೀರ ಬಾವಿ ಎಂದು ಹೆಸರು. ನಾನು ಮದುವೆಯಾಗಿ ಬಂದ ಮರುದಿನ ಅತ್ತೆ ನನ್ನ ಕೈಗೆ ಕೊಡ ಕೊಟ್ಟು ಕಳಿಸಿದ್ದು ಆ ಬಾವಿಗೆ. ಗಡಗಡಿಯ ಸದ್ದು ಕೇಳಿದರೆ ಯಾರ ಸೊಸೆ ಸೇದುತ್ತಿದ್ದಾಳೆ ಎಂದು ಹೇಳಬಹುದಾಗಿತ್ತು. ಸಿಟ್ಟಿನಲ್ಲಿದ್ದವಳ ಗಡಗಡಿ ಬೇರೆ, ತವರಿಗೆ ಹೊರಟವಳದು ಬೇರೆ.

ಅವರು ಮೊದಲ ಸಲ ಬಂದಾಗ ಮೈಸೂರು ರಾಜ್ಯ ಎಂಬ ಹೆಸರು ಹೋಗಿ ಕರ್ನಾಟಕ ಎಂದು ಬಂದ ಹೊಸತು. ದೊಡ್ಡ ಆಳು, ದಪ್ಪ ದನಿ, ಬಸ್ಸಿನಿಂದ ಇಳಿಯುವಾಗಲೇ ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಹೆಗಲಲ್ಲಿ ಒಂದು ಚೀಲ, ಅದರಲ್ಲಿ ಉಕ್ಕಿನ ಉದ್ದ ಟೇಪು, ಸೀಮೆಸುಣ್ಣ, ಬಣ್ಣದ ಪೆನ್ಸಿಲು, ಸುತ್ತಿದ ನಕ್ಷೆ, ದಾರ ಕಟ್ಟಿದ ಹಿತ್ತಾಳೆಯ ಸಣ್ಣ ತಂಬಿಗೆ. ಬಾವಿಯ ಹತ್ತಿರ ಬಂದವರು ಕಟ್ಟೆಯಿಂದ ದೂರವೇ ನಿಂತರು. ಆಮೇಲೆ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿದರು. ಮಲಗಿದವರು ಹಾಗೆಯೇ ತೆವಳುತ್ತ ಕಟ್ಟೆಯ ಮುರುಕು ಬಾಯಿಯವರೆಗೆ ಹೋಗಿ, "ಯಾರರ ನನ್ನ ಕಾಲು ಹಿಡೀರಪಾ!" ಎಂದು ಕೂಗಿದರು.

ನೀರಿಗೆ ಬಂದ ಹೆಂಗಸರೆಲ್ಲ ಸೆರಗು ಬಾಯಿಗೆ ಹಚ್ಚಿ ನಕ್ಕದ್ದೇ ನಕ್ಕದ್ದು. ನಮ್ಮ ಮನೆಯವರು ಅಲ್ಲೇ ಎತ್ತಿಗೆ ನೀರು ಕುಡಿಸುತ್ತಿದ್ದರು. ಬಂದು ಕಾಲು ಹಿಡಿದರು.

"ಯಾಕ್ರೀ ಸಾಹೇಬ್ರ, ಬಾವಿ ಅಂದ್ರ ಹೆದರಿಕ್ಯೇನು?"

"ಹೂಂನಪಾ. ಈಜು ಬರೂದಿಲ್ಲ. ಬಗ್ಗಿ ನೋಡಿದ್ರ ತಲಿ ತಿರಗತೈತಿ."

"ಮತ್ತ ಬಾವಿ ನೌಕರಿಗಿ ಯಾಕ ಸೇರಿದ್ರಿ?"

"ಬಾವಿದ ಬಂತು, ಸೇರಿದ್ನಿ. ಆಕಾಶದ್ದು ಬಂದಿದ್ರ ಆಕಾಶ ಅಳೀತಿದ್ನಿ. ಬಿಗಿ ಹಿಡಿಯೋ ಮಾರಾಯಾ, ಮಾತಾಡ್ಕೋತ ಬಿಟ್ಟೀ!"

ಹೆದರಿಕೆ ಯಾಕೆ ಬಂತು ಎಂದು ನಾನು ಎಷ್ಟೋ ವರ್ಷದ ಮೇಲೆ ಕೇಳಿದ್ದೆ. "ಹೆದರಿಕಿ ಹೆದರಿಕೀನ ತಂಗಿ, ಅದಕ್ಕ ಕಾರಣ ಕೇಳಬ್ಯಾಡ" ಅಂದರು. ಅವರ ಅಪ್ಪ ರಬಕವಿಯಲ್ಲಿ ನೇಕಾರ. ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದಕ್ಕೂ ಚಿಕ್ಕಂದಿನಲ್ಲಿ ಅಳುತ್ತಿದ್ದರಂತೆ. ಅಂಥವರನ್ನು ದೇವರು ಬಾವಿಯಿಂದ ಬಾವಿಗೆ ಮಲಗಿಸಿಕೊಂಡು ಹೋದ.

ಮಲಗಿದ ಮೇಲೆ ಟೇಪಿನ ತುದಿಗೆ ಸೀಮೆಸುಣ್ಣ ತಿಕ್ಕಿ ಬಾವಿಗೆ ಇಳಿಬಿಡುತ್ತಿದ್ದರು. ಮೇಲೆ ಎಳೆದಾಗ ಸುಣ್ಣ ಎಲ್ಲಿಯವರೆಗೆ ತೊಯ್ದಿದೆಯೋ ಅಲ್ಲಿಗೆ ನೀರು ಎಂದು ಲೆಕ್ಕ. ಟೇಪು ಇಳಿಯುವಾಗ ಅವರ ಉಸಿರು ನಿಂತಿರುತ್ತಿತ್ತು. ತುದಿ ನೀರಿಗೆ ತಾಗಿ ತುಳುಕ್ ಎಂದ ಕೂಡಲೇ ಕೆಳಗೆ ಮುಖ ಮಾಡಿಕೊಂಡೇ ಕೂಗುತ್ತಿದ್ದರು: "ಅದಾಳ!"

ಅಂದರೆ ಗಂಗವ್ವ ಇದ್ದಾಳೆ ಎಂದು. ನೀರಿದೆ ಎಂದು ಅವರು ಒಂದು ಸಲವೂ ಅನ್ನಲಿಲ್ಲ. ಮನೆಯೊಳಗೆ ಇಣುಕಿ ಯಾರನ್ನೋ ಕಂಡವರ ಹಾಗೆ, "ಅದಾಳ ತಗೋರಿ." ಊರಿನ ಮಕ್ಕಳೆಲ್ಲ ಆ ಮಾತು ಕಲಿತವು. ತಾಯಿ ಮನೆಯಲ್ಲಿದ್ದಾಳೋ ಇಲ್ಲವೋ ಎಂದು ಕೇಳಿದರೂ ನೆಲಕ್ಕೆ ಮಲಗಿ "ಅದಾಳ!" ಅನ್ನುತ್ತಿದ್ದವು.

ಬಾವಿ ಅಳೆಯುವ ದಿನ ಬೆಳಗಿನಿಂದ ಯಾರೂ ನೀರು ಸೇದಬಾರದು. ಸೇದಿದರೆ ನೀರು ಕೆಳಗೆ ಹೋಗಿ ಅಳತೆ ತಪ್ಪುತ್ತದೆ. ಅದಕ್ಕೆ ಅವರು ಹಿಂದಿನ ದಿನವೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ಅವನು ಬಾಗಿಲಲ್ಲಿ ಜೋತಾಡುತ್ತ, "ನಾಳಿ ಬಾವಿ ಮುಟ್ಟಬ್ಯಾಡ್ರೋ!" ಎಂದು ಊರಿಗೆಲ್ಲ ಸಾರಿ ಹೋಗುತ್ತಿದ್ದ. ಮೊದಲ ಸಲ ಹಾಗೆ ಸಾರಿದಾಗ ಹೆಂಗಸರು ಬೈದುಕೊಂಡೇ ಎಲ್ಲ ಕೊಡ, ಹಂಡೆ ತುಂಬಿಟ್ಟರು. ಆಗ ನಮ್ಮ ಅತ್ತೆ ಒಂದು ಮಾತು ಆಡಿದಳು.

"ಎತ್ತಿಗಿ ಸೋಮವಾರ ಕೊಡ್ತೀವಿ. ಹೂಡೂದಿಲ್ಲ, ಹೊಡಿಯೂದಿಲ್ಲ, ಬಸವಣ್ಣನ ವಾರ ಅಂತೀವಿ. ಈ ಬಾವಿ ಹುಟ್ಟಿದಾಗಿಂದ ಸೇದಿದ್ದ ಸೇದಿದ್ದು. ಇದಕ್ಕೂ ಒಂದ್ ಸೋಮವಾರ ಬ್ಯಾಡೇನು?"

ಅಲ್ಲಿಂದ ಅದು ಪದ್ಧತಿಯಾಯಿತು. ಸಾಹೇಬರು ಬುಧವಾರ ಬರಲಿ, ಶುಕ್ರವಾರ ಬರಲಿ, ಆ ದಿನಕ್ಕೆ ಬಾವಿಯ ಸೋಮವಾರ ಎಂದೇ ಹೆಸರು. ಗಡಗಡಿಯಿಂದ ಹಗ್ಗ ಬಿಚ್ಚುವುದು, ಕಟ್ಟೆ ತೊಳೆದು ಸಾರಿಸುವುದು, ವಿಭೂತಿ ಬಳಿಯುವುದು, ಕಾಯಿ ಒಡೆಯುವುದು. ಅವರು ಕಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ನಕ್ಷೆಯ ನಂಬರು ಬರೆದಿದ್ದರು. ನಮ್ಮ ಹೆಂಗಸರು ಅದಕ್ಕೂ ಕುಂಕುಮ ಹಚ್ಚಿ, ಎಣ್ಣೆ ಸವರಿ, ಹೂವು ಏರಿಸಿ ಅದನ್ನು ಅಂಕಿ ಎಂದು ಗುರುತು ಸಿಗದ ಹಾಗೆ ಮಾಡಿದ್ದರು. ಬಂದವರು ಸೊಂಟಕ್ಕೆ ಕೈಯಿಟ್ಟು ನಿಂತರು.

"ಇದು ನಂಬರರೀ ಅವ್ವಾರ, ದೇವರಲ್ಲ!"

"ಇರಲಿ ಬಿಡ್ರಿ, ನಿಮಗ ನಂಬರು, ನಮಗ ದೇವರು" ಅಂದಳು ಅತ್ತೆ. ಅವರು ಗೊಣಗುತ್ತ ಕುಂಕುಮ ಒರೆಸಿ ಮತ್ತೆ ಬಿಳಿ ಬಣ್ಣ ಬಳಿದರು. ಮುಂದಿನ ಸಲ ಮತ್ತೆ ಅದೇ. ಕೊನೆಗೆ ಬಣ್ಣದ ಡಬ್ಬಿಯನ್ನು ನಮ್ಮ ಮನೆಯ ಗೂಡಿನಲ್ಲೇ ಇಟ್ಟು ಹೋಗತೊಡಗಿದರು.

ಅಳೆಯುವುದು ಮುಗಿದ ಮೇಲೆ ತಂಬಿಗೆ ಇಳಿಬಿಟ್ಟು ನೀರು ಸೇದಿ ಕುಡಿದು ನೋಡುತ್ತಿದ್ದರು. ಕುಡಿಯುವುದೆಂದರೆ ಗಟಗಟ ಅಲ್ಲ, ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, ಬಾಣಂತಿಗೆ ಕಷಾಯ ಕುಡಿಸಿದಾಗ ಮಾಡುತ್ತಾಳಲ್ಲ ಹಾಗೆ ಮುಖ ಮಾಡಿ, ಆಮೇಲೆ ನುಂಗುವುದು. ಊರಿನ ಒಂದು ಬಾವಿಯನ್ನೂ ಬಿಡಲಿಲ್ಲ. ಊರಾಚೆಯ ಕೇರಿಯ ಬಾವಿಯ ನೀರನ್ನೂ ಹಾಗೆಯೇ ಕುಡಿದು ನೆಟ್ಟಗೆ ನಮ್ಮ ಮನೆಗೆ ಊಟಕ್ಕೆ ಬಂದರು. ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು.

"ಆ ಕೇರಿ ಬಾವಿ ನೀರೂ ಕುಡದ್ರಂತ?" ಅತ್ತೆ ಬಾಗಿಲಲ್ಲೇ ಕೇಳಿದಳು.

"ಕುಡದ್ನೆವ್ವಾ. ನಿಮ್ಮ ಸೀನೀರ ಬಾವಿಕಿಂತಾ ಸೀ ಐತಿ."

ಅತ್ತೆ ಆ ದಿನ ಅವರ ಜೊತೆ ಮಾತಾಡಲಿಲ್ಲ. ರೊಟ್ಟಿ ಮಾತ್ರ ಹಾಕಿದಳು, ಅದೂ ತಟ್ಟೆಗೆ ಎಸೆದಳು. ಅವರು ಖಾರದ ಹಿಂಡಿ ಹಚ್ಚಿಕೊಂಡು ತಿಂದು, "ಇನ್ನೊಂದು ಒಗೀರಿ" ಅಂದರು. ಅತ್ತೆಗೆ ನಗು ಬಂತು, ಮುಖ ತಿರುಗಿಸಿಕೊಂಡು ನಕ್ಕಳು.

ಊಟದ ಮೇಲೆ ಪಡಸಾಲೆಯಲ್ಲಿ ನಕ್ಷೆ ಬಿಚ್ಚಿ ನಾಲ್ಕು ಮೂಲೆಗೂ ಕಲ್ಲು ಇಡುತ್ತಿದ್ದರು. ಬಾವಿಗೊಂದು ಗುಂಡು. ಸಿಹಿ ನೀರಿಗೆ ನೀಲಿ ತುಂಬಿದ ಗುಂಡು, ಸವಳಿಗೆ ಕೆಂಪು. ನೀರಿಲ್ಲದ್ದಕ್ಕೆ ಬಣ್ಣವಿಲ್ಲ, ಬರೀ ಬಳೆ ಬಿಡಿಸಿದ ಹಾಗೆ ಖಾಲಿ ಗುಂಡು. ಮೊದಲ ವರ್ಷ ಆ ಕಾಗದ ಎಷ್ಟು ಚಂದ ಇತ್ತು! ಇಳಕಲ್ಲ ಸೀರೆಯ ಒಡಲಲ್ಲಿ ಚಿಕ್ಕಿ ಹಾಕಿದ ಹಾಗೆ ನೀಲಿ, ನೀಲಿ, ಅಲ್ಲೊಂದು ಇಲ್ಲೊಂದು ಕೆಂಪು. ನನಗೆ ನಕ್ಷೆ ಓದಲು ಬರುವುದಿಲ್ಲ. ಹುಣಸೆ ಮರದ ಗುರುತು ಹಿಡಿದು ನಮ್ಮ ಬಾವಿ ಹುಡುಕಿದೆ. "ಇದಾ ನಮ್ಮದು" ಎಂದು ಬೆರಳಿಟ್ಟೆ. "ಬೆರಳಿನ ಹಿಟ್ಟು ಹತ್ತೀತು, ತಗಿಯವ್ವಾ" ಎಂದು ಗದರಿದರು. ಸಿಟ್ಟು ಬಹಳ. ಆದರೆ ಗದರಿದ ಮೇಲೆ ತಾವೇ ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು.

ಮಗಳು ಹುಟ್ಟಿದಾಗ ಒಂದು ಪೇಚು ಬಂತು. ನಮ್ಮಲ್ಲಿ ಬಾಣಂತಿ ಎದ್ದು ಓಡಾಡುವ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಬಾವಿಗೆ ಹೋಗಿ ಗಂಗಿ ಪೂಜೆ ಮಾಡಿ, ತನ್ನ ಕೈಯಿಂದ ಮೊದಲ ಕೊಡ ಸೇದಿ ಮನೆಗೆ ತರಬೇಕು. ಅಲ್ಲಿಯವರೆಗೆ ಅವಳು ನೀರು ಮುಟ್ಟುವಂತಿಲ್ಲ. ಅಯ್ಯನವರು ಹೇಳಿಕೊಟ್ಟ ದಿನವೇ ಸಾಹೇಬರ ದಿನವೂ ಆಗಿಬಿಟ್ಟಿತು. ಬಾವಿಗೆ ಸೋಮವಾರ, ನನಗೆ ಪೂಜೆ. ಹೆಂಗಸರು ಎರಡು ಪಂಗಡವಾದರು. ನಾನು ಕೂಸು ಕಟ್ಟಿಕೊಂಡು, ಬರಿಗೊಡ ಹಿಡಿದು ಹುಣಸೆಯ ನೆರಳಲ್ಲಿ ನಿಂತೆ. ಅವರು ಬಸ್ಸಿಳಿದು ಬಂದು ನೋಡಿದರು.

"ಏನಿದು? ಯಾಕ ನಿಲ್ಲಿಸೀರಿ ಹಸೀ ಬಾಣಂತೀನ?"

ಅತ್ತೆ ಹೇಳಿದಳು. ಅವರು ಚೀಲ ಇಳಿಸಿ ಬೇರಿನ ಮೇಲೆ ಕುಳಿತೇಬಿಟ್ಟರು. "ಗಂಗಿ ಮೊದಲು, ಟೇಪು ಆಮ್ಯಾಲ. ಸೇದು ತಂಗಿ. ನಾ ಕುಂಡ್ರತೀನಿ, ಇಳದ ನೀರು ಏರೂ ತನಕಾ."

ನಾನು ಸೇದಿದೆ. ಹಗ್ಗ ಎರಡು ಮೊಳವೂ ಇಳಿಯಲಿಲ್ಲ, ಕೊಡ ಮುಳುಗಿತು. ಅಷ್ಟು ನೀರು! ಅವರು ಸಂಜೆಯವರೆಗೆ ಕುಳಿತರು, ಅಳೆದರು, ಬಸ್ಸು ತಪ್ಪಿಸಿಕೊಂಡರು, ನಮ್ಮ ಮನೆಯ ಕಟ್ಟೆಯ ಮೇಲೆ ಮಲಗಿ ಮುಂಜಾನೆ ಹೋದರು. ಹೋಗುವಾಗ ಕೂಸಿನ ಮುಖ ನೋಡಿ, "ಅದಾಳ" ಅಂದರು.

ಇದಿಷ್ಟು ಚಂದದ್ದು. ಇನ್ನು ಮುಂದೆ ಬರೆಯಲು ಕೈ ಎಳೆಯುತ್ತದೆ.

ಸಕ್ಕರೆ ಕಾರಖಾನೆಗಳು ಬಂದವು, ಕಬ್ಬು ಬಂತು, ಕಬ್ಬಿಗೆ ಬೋರಿನ ಲಾರಿ ಬಂತು. ಜೋಳದ ಹೊಲಗಳು ಹಸಿರು ಗೋಡೆಯಾದವು. ನಮಗೂ ಬೇಕಿತ್ತು. ಯಾರು ಬೇಡ ಅಂದಾರು? ಸಾಹೇಬರು ಬಂದಾಗೆಲ್ಲ ನಮ್ಮ ಬಾವಿಯ ಟೇಪು ಇನ್ನಷ್ಟು ಕೆಳಗೆ ಹೋಗುತ್ತಿತ್ತು. "ಅದಾಳ" ಎಂಬ ಕೂಗು ಬರುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಕಾಲು ಹಿಡಿದ ನಮ್ಮ ಮನೆಯವರ ಕೈ ಸೋಲುತ್ತಿತ್ತು.

ಒಮ್ಮೆ ಊಟಕ್ಕೆ ಕುಳಿತಾಗ ಅವರು ತುತ್ತು ಹಿಡಿದುಕೊಂಡೇ ಕೇಳಿದರು, "ನೀವೂ ಬೋರು ಹಾಕ್ಸಾಕತ್ತೀರಂತ?"

"ಹೂಂರಿ" ಅಂದರು ನಮ್ಮ ಮನೆಯವರು.

"ಬಾವಿ ಮಗ್ಗಲದಾಗ ಬ್ಯಾಡೋ. ಒಂದ ಹೊಟ್ಟೀದ ನೀರದು. ನೀ ತಳಕ್ಕ ಕೊಳವಿ ಇಳಿಸಿದ್ರ ಇಕಿ ಎಲ್ಲಿಂದ ಏಳಬೇಕು?"

"ಎಲ್ಲಾರೂ ಹಾಕ್ಸ್ಯಾರ್ರೀ ಸಾಹೇಬ್ರ. ನಾನೊಬ್ಬ ಬಿಟ್ರ ಬಾವಿ ತುಂಬತೈತೇನು? ಹೇಳ್ರಿ ನೀವ."

ನಮ್ಮ ಮನೆಯವರು ಸುಳ್ಳಾಡಿರಲಿಲ್ಲ. ಸಾಹೇಬರ ತುತ್ತು ಬಾಯಿಗೆ ಹೋಗದೆ ತಟ್ಟೆಗೆ ಬಂತು. "ನಾ ಮ್ಯಾಲ ಬರದು ಕಳಿಸೀನಿ, ಇಲ್ಲಿ ಬ್ಯಾಡಂತ. ನಕ್ಷೆ ಜೋಡಿ ಹಚ್ಚಿ ಕಳಿಸೀನಿ" ಎಂದು ತಟ್ಟೆಗೇ ಹೇಳಿದರು. ಬರೆದದ್ದನ್ನು ಯಾರು ಓದಿದರೋ. ಮುಂದಿನ ಸಲ ಬರುವಷ್ಟರಲ್ಲಿ ಹುಣಸೆ ಮರದಿಂದ ಕೂಗಿದರೆ ಕೇಳುವಷ್ಟು ಹತ್ತಿರ ಬೋರು ಬಿದ್ದಿದ್ದವು, ನಮ್ಮದೂ ಅದರಲ್ಲೊಂದು.

ಆ ಬೇಸಿಗೆ ಸೀನೀರ ಬಾವಿಯ ತಳ ಕಂಡಿತು. ಟೇಪು ಇಳಿಯಿತು, ಇಳಿಯಿತು, ಕಲ್ಲಿಗೆ ಬಡಿದು ಠಣ್ ಅಂದಿತು. ಮೇಲೆ ಎಳೆದರೆ ಸುಣ್ಣ ಹಚ್ಚಿದ್ದು ಹಚ್ಚಿದ ಹಾಗೇ ಬೆಳ್ಳಗೆ ಬಂತು. ಅವರು ಬೋರಲಾಗಿ ಮಲಗಿದ್ದವರು ಏಳಲೇ ಇಲ್ಲ. ನಮ್ಮ ಮನೆಯವರು, "ಸಾಹೇಬ್ರ, ಬಿಡ್ಲೇನ್ರಿ?" ಎಂದು ಕೇಳಿದ ಮೇಲೆ ಮೆಲ್ಲಗೆ "ಇಲ್ಲ" ಅಂದರು. ಕಾಲು ಬಿಡುವುದಕ್ಕೆ ಇಲ್ಲ ಅಂದರೋ, ಗಂಗವ್ವ ಇಲ್ಲ ಅಂದರೋ ಎಂದು ನಾವು ಯಾರೂ ಕೇಳಲಿಲ್ಲ.

ಎದ್ದು ಕುಳಿತು ನಿಯಮ ಹೇಳಿದರು. ಮುಂದಿನ ಬೇಸಿಗೆಯೂ ಒಣಗಿದ್ದರೆ ಈ ಬಾವಿಯನ್ನು ನಕ್ಷೆಯಿಂದ ತೆಗೆಯುತ್ತಾರೆ. ಆಮೇಲೆ ಅಳೆಯಲು ಯಾರೂ ಬರುವುದಿಲ್ಲ.

ಅದನ್ನು ಕೇಳಿ ಹೆಂಗಸರಿಗೆ ಹುಚ್ಚು ಹಿಡಿದ ಹಾಗಾಯಿತು. ನಕ್ಷೆಯಲ್ಲಿ ಇಲ್ಲದ ಬಾವಿಗೆ ಮಣ್ಣು ತುಂಬಿ ಜಾಗ ಮಾಡಿಕೊಳ್ಳುತ್ತಾರೆ ಎಂದು ಯಾರೋ ಅಂದರು. ಸೊಸೆಯಾಗಿ ಬಂದು ಮೊದಲ ಕೊಡ ಸೇದಿದ ಬಾವಿ, ಹಡೆದು ಪೂಜೆ ಮಾಡಿದ ಬಾವಿ. ಅದಕ್ಕೆ ಮಣ್ಣು ಹಾಕುವುದೆಂದರೆ ಏನು? ಮಳೆ ಆ ವರ್ಷ ಹೆಸರಿಗೆ ಬಂದು ಹೋಯಿತು. ಬಾವಿ ಒಂದಿಷ್ಟು ಕಣ್ಣು ತೆರೆದು ಮತ್ತೆ ಮುಚ್ಚಿತು. ಬೇಸಿಗೆ ಬಂತು, ಬೋರುಗಳೂ ಬತ್ತಿದವು. ಕುಡಿಯಲು ಗಲಗಲಿ ಕಡೆಯಿಂದ ಎತ್ತಿನ ಗಾಡಿಯಲ್ಲಿ ಪೀಪಾಯಿ ತುಂಬಿ ಹೊಳೆಯ ನೀರು ತರುತ್ತಿದ್ದೆವು. ಮನೆಗೆ ಎರಡು ಕೊಡ, ಅದರಲ್ಲೇ ಎಲ್ಲ.

ಕಂಡಕ್ಟರ ಬಂದು ಕೂಗಿದ, "ನಾಳಿ ಬಾವಿ ಮುಟ್ಟಬ್ಯಾಡ್ರೋ!" ಕೂಗಿದ ಮೇಲೆ ಅವನಿಗೇ ನಾಚಿಕೆಯಾಯಿತೇನೋ, ಒಳಗೆ ಹೋಗಿ ಕುಳಿತ.

ಮರುದಿನ ಬೆಳಿಗ್ಗೆ ನೀರಿನ ಗಾಡಿ ಬಂತು. ಅತ್ತೆ ತನ್ನ ಕೊಡ ತುಂಬಿಕೊಂಡು ಮನೆಯ ಕಡೆ ಹೋಗಲಿಲ್ಲ, ಬಾವಿಯ ಕಡೆ ಹೋದಳು. ಕಟ್ಟೆಯ ಮೇಲೆ ನಿಂತು ಸುರುವಿಬಿಟ್ಟಳು. ನಾವೆಲ್ಲ ನೋಡುತ್ತ ನಿಂತೆವು.

"ಏನ್ ನೋಡ್ತೀರಿ? ಬೀಗರು ಬರೂ ಮುಂದ ಮನಿ ಒಣಾ ಒಣಾ ಇಡ್ತಾರೇನ?" ಅಂದಳು.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಒಬ್ಬೊಬ್ಬರಾಗಿ ಬಂದು ಸುರುವಿದೆವು. ಕೇರಿಯ ಹೆಂಗಸರೂ ಬಂದರು. ಆ ಬಾವಿಯ ಕಟ್ಟೆ ಅವರು ಹತ್ತಿದ್ದು ಅದೇ ಮೊದಲು, ಅತ್ತೆ ತಡೆಯಲಿಲ್ಲ. ಪೀಪಾಯಿಯಲ್ಲಿ ಉಳಿದದ್ದನ್ನೂ ಸುರುವಿದೆವು. ತಳದ ಕೆಸರು ಕುಡಿದಷ್ಟು ಕುಡಿದು, ನಡುವಿನ ತಗ್ಗಿನಲ್ಲಿ ಒಂದು ಬೊಗಸೆಯಷ್ಟು ಹೊಳೆಯುತ್ತ ನಿಂತಿತು. ಕಟ್ಟೆ ತೊಳೆಯಲು ನೀರಿಲ್ಲ, ಸೆರಗಿನಿಂದ ಒರೆಸಿದೆವು. ನಂಬರಿಗೆ ಕುಂಕುಮ ಹಚ್ಚಿದೆವು.

ಅವರು ಬಂದರು, ಮಲಗಿದರು, ಟೇಪು ಬಿಟ್ಟರು. ತುಳುಕ್ ಅಂದಿತು. "ಅದಾಳ" ಎಂದು ಅವರು ಕೂಗಲಿಲ್ಲ. ಟೇಪು ಎಳೆದು ನೋಡಿದರು, ಸುಣ್ಣ ತೊಯ್ದಿತ್ತು. ಆಮೇಲೆ ತಂಬಿಗೆ ಇಳಿಬಿಟ್ಟರು. ನಮ್ಮ ತಲೆಗೆ ಅದೊಂದು ಹೊಳೆದೇ ಇರಲಿಲ್ಲ ನೋಡಿ! ತಂಬಿಗೆಯ ತಳದಲ್ಲಿ ಒಂದು ಗುಟುಕು ಕೆಸರು ನೀರು ಬಂತು. ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಯೇ ಇದ್ದರು.

"ಗಾಡಿ ಎಷ್ಟೊತ್ತಿಗಿ ಬಂತವ್ವಾ ಹೊಳಿಂದ?" ಎಂದು ಕೇಳಿದರು.

ಅತ್ತೆಯೇ ಮುಂದೆ ಬಂದಳು. "ಬರಕೋರಿ ಸಾಹೇಬ್ರ. ಟೇಪು ತೊಯ್ದೈತಿಲ್ಲ? ತೊಯ್ದಷ್ಟು ಬರಕೋರಿ. ನಾವೇನ್ ಸುಳ್ಳು ಹೇಳಾಕತ್ತಿಲ್ಲ, ನೀರು ಐತಿ."

"ಇದು ನಿಮ್ಮ ಕುಡಿಯೂ ನೀರು."

"ನಮ್ಮದ ಐತಲ್ಲ, ನಾವ ಹಾಕೀವಿ."

"ಇಂದ ಮಕ್ಕಳು ಏನ್ ಕುಡೀಬೇಕು?"

ಆ ದೊಡ್ಡ ಆಳು ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಒರೆಸಿಕೊಂಡಿತು. ಆಮೇಲೆ ಅತ್ತೆಯನ್ನು ಮೊದಲ ಸಲ ಅವ್ವ ಎನ್ನದೆ ಹಡೆದವ್ವ ಎಂದು ಕರೆದು ಹೇಳಿದರು. "ಹಡದವ್ವಾ, ನಾ ಇಕಿ ಅದಾಳಂತ ಬರದ್ರ ಬರೂ ಬ್ಯಾಸಗಿನೂ ತಂದು ಸುರೂತೀರಿ. ಅದರ ಮುಂದಿಂದಕ್ಕೂ ಸುರೂತೀರಿ. ನಾ ಬರೂ ದಿನ ನೀವು ಉಪಾಸ ಬೀಳ್ತೀರಿ. ನಾ ಹೆಂಗ ಬರೀಲಿ?"

ನಕ್ಷೆ ಬಿಚ್ಚಿದರು. ಮೂಲೆಗಳಿಗೆ ಕಲ್ಲು ಇಟ್ಟವಳು ನಾನೇ. ರಬ್ಬರಿನಿಂದ ಹುಣಸೆ ಮರದ ಬುಡದ ನೀಲಿಯನ್ನು ತಿಕ್ಕಿದರು. ಹಳೆಯ ಬಣ್ಣ, ಪೂರ್ತಿ ಹೋಗಲಿಲ್ಲ. ಸುತ್ತಲೂ ನೋಡಿದೆ. ನಮ್ಮ ಮಡ್ಡಿಯ ಮೇಲೆಲ್ಲ ಖಾಲಿ ಗುಂಡು, ಖಾಲಿ ಗುಂಡು. ಗಂಡ ಸತ್ತ ಮನೆಯ ಮುಂದೆ ಒಡೆದ ಬಳೆ ಬಿದ್ದಿರುತ್ತವಲ್ಲ, ಹಾಗೆ ಕಂಡಿತು ನನಗೆ.

ಅತ್ತೆ ಅವರಿಗೆ ಬೈಯಲಿಲ್ಲ, ರೊಟ್ಟಿಗೂ ಕರೆಯಲಿಲ್ಲ. ಅವರೂ ಬರಲಿಲ್ಲ. ಬಸ್ಸಿಗೆ ಕಾಯುತ್ತ ಬಿಸಿಲಲ್ಲೇ ನಿಂತಿದ್ದರು. ಮುಂದಿನ ಮಳೆಗಾಲಕ್ಕೆ ಅತ್ತೆ ಇರಲಿಲ್ಲ. ಬಾವಿಗೆ ಯಾರೂ ಮಣ್ಣು ಹಾಕಲಿಲ್ಲ. ಮಣ್ಣು ಹಾಕಲು ಕೂಡ ಯಾರೂ ಬರಲಿಲ್ಲ ಎಂದರೆ ಸರಿ. ಅವರು ಖರೆ ಬರೆದದ್ದರಿಂದ ನಮಗೆ ನೀರೂ ಬರಲಿಲ್ಲ. ಸುಳ್ಳು ಬರೆದಿದ್ದರೂ ಬರುತ್ತಿರಲಿಲ್ಲ.

ಆಮೇಲೆ ಅವರು ಒಂದೇ ಸಲ ಬಂದದ್ದು, ನೌಕರಿ ಮುಗಿದ ಮೇಲೆ. ಕೈಯಲ್ಲಿ ಚೀಲವಿಲ್ಲ, ಮೈ ಅರ್ಧ ಇಳಿದಿತ್ತು. ನಮ್ಮ ಮನೆಯವರು ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ, ಹೇಳಿದೆ. ರೊಟ್ಟಿ ಹಾಕಿದೆ, ಒಂದೇ ತಿಂದರು.

"ನಕ್ಷೆ ಎಲ್ರೀ ಅಣ್ಣಾರ?" ಎಂದು ಕೇಳಿದೆ.

"ಕಚೇರ್ಯಾಗ ಕೊಟ್ಟು ಬಂದೆ ತಂಗಿ. ಕಪಾಟದಾಗ ಇಟ್ರು. ಅದ್ರಾಗ ಇನ್ನ ನೋಡೂದು ಏನೈತಿ ಹೇಳು. ಅಲ್ಲೊಂದು ಇಲ್ಲೊಂದು ಉಳದಾವು."

ಹೊರಡುವಾಗ ಬಾವಿಯ ಕಡೆ ನಡೆದರು. ಕಟ್ಟೆಯ ಹತ್ತಿರ ಅದೇ ರೀತಿ ದೂರ ನಿಂತು, ಅದೇ ರೀತಿ ಹೊಟ್ಟೆ ಹಚ್ಚಿ ಮಲಗಿದರು. ಮಲಗಿದ ಮೇಲೆ ಕಾಲು ಹಿಡಿಯುವವರು ಇಲ್ಲವೆಂದು ನೆನಪಾಯಿತು. ತಿರುಗಿ ನನ್ನನ್ನು ನೋಡಿದರು. ಓಣಿಯಲ್ಲಿ ಜನ ಇದ್ದರು. ನೋಡಲಿ ಎಂದು ಕುಕ್ಕರುಗಾಲಲ್ಲಿ ಕುಳಿತು ಹಿಡಿದುಕೊಂಡೆ. ಎಲುಬೇ ಇದ್ದವು. ಒಳಗೆ ಕಸ, ಮುಳ್ಳು, ಹರಿದ ಚಪ್ಪಲಿ, ಇಷ್ಟೇ ಇರುವುದು ನನಗೂ ಗೊತ್ತು. ಅವರು ಆಳಕ್ಕೆ ನೋಡುತ್ತಲೇ ಇದ್ದರು.

"ಬಿಡ್ಲೇನ್ರಿ?" ಅಂದೆ.

"ಹೂಂ, ಬಿಡವ್ವಾ" ಅಂದರು.

ಸೀರೆಯ ಅಜ್ಜ ತಂದ ಸುದ್ದಿ ಕೇಳಿದ ಮೂರನೇ ದಿನಕ್ಕೆ ಮಗಳ ಗಂಗಿ ಪೂಜೆ ಬಂತು. ಮಗಳು ಸೀದಾ ಹೇಳಿದಳು, "ಯವ್ವಾ, ನಳಕ್ಕ ಮಾಡೂಣು. ಎಲ್ಲಾರೂ ನಳಕ್ಕ ಮಾಡ್ತಾರ. ಆ ತಿಪ್ಪ್ಯಾಗ ಯಾಕ?"

ನಳ ನಮ್ಮ ಬಾಗಿಲ ಮುಂದೆಯೇ ಇದೆ. ಈಚೆಗೆ ಇನ್ನೂ ಆಳಕ್ಕೆ ಕೊರೆದ ಬೋರಿನ ನೀರು, ದಿನ ಬಿಟ್ಟು ದಿನ ಬರುತ್ತದೆ, ಸವಳು. ನಾನು ಕೇಳಲಿಲ್ಲ. ಬಾವಿಗೆ ಹೋಗೋಣ ಎಂದು ಹಟ ಹಿಡಿದೆ. ಮೊಮ್ಮಗಳನ್ನು ನಾನೇ ಎತ್ತಿಕೊಂಡೆ, ಪಕ್ಕದ ಮನೆಯವಳು ಅರಿಷಿಣ ಕುಂಕುಮದ ತಟ್ಟೆ ಹಿಡಿದಳು, ಮಗಳು ನಳದ ನೀರಿನ ಕೊಡ ಹೊತ್ತಳು. ಗಡಗಡಿ ಇಲ್ಲ, ಯಾರೋ ಒಯ್ದಿದ್ದಾರೆ. ಕೂಸನ್ನು ಪಕ್ಕದವಳ ಕೈಗೆ ಕೊಟ್ಟು ನಾನು ಆ ಕೊಡ ಇಸಿದುಕೊಂಡು ಬಾವಿಗೆ ಸುರುವಿದೆ. ಅತ್ತೆ ಸುರುವಿದ್ದ ಜಾಗದಿಂದಲೇ. ಕೆಳಗೆ ಕಸದ ಮೇಲೆ ಬಿದ್ದ ಸದ್ದು ಬಂತು, ಆಮೇಲೆ ಏನೂ ಇಲ್ಲ. ನಾನು ಹೊಟ್ಟೆ ಹಚ್ಚಿ ಮಲಗಿದೆ.

"ಯವ್ವಾ! ಏನ್ ಮಾಡಾಕತ್ತಿ ನೀ?"

"ಕಾಲು ಹಿಡಿ."

ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆಲ್ಲಗೆ ಕೇಳಿದಳು, ಚಿಕ್ಕಂದಿನಲ್ಲಿ ಕಲಿತ ಮಾತು, "ಅದಾಳೇನ?"

ಒಂದು ಹನಿಯೂ ಕಾಣಲಿಲ್ಲ. ಅದಾಳ ಅನ್ನಬಹುದಿತ್ತು. ಬಾಣಂತಿ, ಒಳ್ಳೆಯ ದಿನ, ಯಾರು ಇಳಿದು ನೋಡುತ್ತಾರೆ? ಆದರೆ ಬಾಯಿ ಬರಲಿಲ್ಲ.

"ಇಲ್ಲವ್ವಾ" ಅಂದೆ.

ಎದ್ದು ಐದು ಕಲ್ಲು ಇಟ್ಟು, ವಿಭೂತಿ ಹಚ್ಚಿ ಪೂಜೆ ಮುಗಿಸಿದೆವು. ಸಾಹೇಬರ ಬಿಳಿ ನಂಬರು ಅರ್ಧ ಅಳಿಸಿದೆ, ಅದಕ್ಕೂ ಕುಂಕುಮ ಇಟ್ಟೆ. ಕೂಸಿನ ಕೈಯಿಂದ ಶರಣು ಮಾಡಿಸಬೇಕೆಂದು ಅದನ್ನು ನಂಬರಿನ ಮೇಲೆ ಹಿಡಿದದ್ದೇ ತಡ, ನನ್ನ ಬಂಗಾರ ಎಡಗಾಲು ಝಾಡಿಸಿ ಕಟ್ಟೆಯ ಮೇಲೆ ಉಚ್ಚೆ ಹೊಯ್ದುಬಿಟ್ಟಿತು! ಮಗಳು "ಅಯ್ಯ, ಗಂಗಿ ಕಟ್ಟಿ ಮ್ಯಾಲ!" ಎಂದು ಹೌಹಾರಿದಳು. ನನಗೆ ನಗು ತಡೆಯಲಾಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ, ನಕ್ಕು ಮುಗಿದ ಮೇಲೂ ಅದು ಬರುತ್ತಲೇ ಇತ್ತು. ಕುಂಕುಮ ಕರಗಿ ನಂಬರಿನ ಗೀರುಗಳಲ್ಲಿ ಹರಿಯಿತು. ಬಹಳ ವರ್ಷದ ಮೇಲೆ ಆ ಕಟ್ಟೆ ತೊಯ್ದಿತ್ತು.

ಅಳೆದು ಬರೆದುಕೊಳ್ಳುವವರು ಯಾರಿದ್ದಾರೆ? ಬಿಸಿಲು ಕಾದಿತ್ತು. ನಾವು ಬರಿಗೊಡ ಎತ್ತಿಕೊಳ್ಳುವಷ್ಟರಲ್ಲಿ ಅದೂ ಆರಿಹೋಗಿತ್ತು.